ಜಕ್ಕಪ್ಪನ ಮೊಣಕಾಲು

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಬನಹಟ್ಟಿಯ ತನ್ನ ಓಣಿಯ ತಿರುವಿನಲ್ಲಿ, ರಾಜೇಶ್ವರಿಯ ಕೊರಳಿಗೆ ಹಿಂದಿನಿಂದ ಒಂದು ಕೈ ಬಿತ್ತು. ಬೈಕಿನ ಮೇಲೆ ಇಬ್ಬರಿದ್ದರು. ತಾಳಿಸರ ಗಟ್ಟಿಯಿತ್ತು, ಒಂದೇ ಎಳೆತಕ್ಕೆ ಹರಿಯಲಿಲ್ಲ. ಹತ್ತು ಹೆಜ್ಜೆ ಬೈಕಿನ ಜೊತೆ ಅವಳೂ ಓಡಿದಳು. ಆಮೇಲೆ ಸರ ಹರಿಯಿತು, ಅವಳು ಗಟಾರದ ಕಲ್ಲಂಚಿನ ಮೇಲೆ ಎಡ ಮಗ್ಗುಲಾಗಿ ಬಿದ್ದಳು. ಎರಡೂ ಬದಿಯ ಮನೆಗಳಲ್ಲಿ ಮಗ್ಗಗಳು ನಡೆದಿದ್ದವು. ಅವಳು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಕೂಗಿದೆನೋ ಇಲ್ಲವೋ ಎಂಬುದು ಆಮೇಲೆ ಅವಳಿಗೂ ನೆನಪಾಗಲಿಲ್ಲ.

ಸೊಂಟದ ಎಲುಬು ಮುರಿದಿತ್ತು. ಆಪರೇಷನ್ ಮಾಡಿ ಒಳಗೆ ರಾಡು ಕೂರಿಸಿದರು. ಹದಿನೈದು ದಿನ ಆಸ್ಪತ್ರೆ, ಮೂರು ತಿಂಗಳು ಹಾಸಿಗೆ. ನೋಡಲು ಬಂದವರೆಲ್ಲ ಅತ್ತರು. ಬೀಳಗಿಯಿಂದ ಬಂದ ಅಣ್ಣ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ. ರಾಜೇಶ್ವರಿ ಮಾತ್ರ ಅಳಲಿಲ್ಲ. ಮುಧೋಳದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತ ಬಂದವಳು. ಬಂದವರಿಗೆಲ್ಲ ಆ ಬೆಳಗಿನ ಕತೆಯನ್ನು ಲೆಕ್ಕ ಬಿಡಿಸಿದ ಹಾಗೆಯೇ ಹೇಳುತ್ತಿದ್ದಳು: ಮೊದಲು ಇದಾಯಿತು, ಆಮೇಲೆ ಇದು, ಆದ್ದರಿಂದ ಇದು. ಹೇಳುವಾಗ ತನ್ನ ದನಿ ತನಗೇ ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳಿಸುತ್ತಿತ್ತು.

"ಗಟ್ಟಿ ಹೆಂಗಸು," ಅಂದರು ಜನ.

ಗಟ್ಟಿತನ ಅಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಕಳ್ಳರ ಮೇಲೆ ಸಿಟ್ಟು ಬರಲಿಲ್ಲ. ಪೊಲೀಸರು ಬಂದು ಹೋದರು, ಯಾರೂ ಸಿಗಲಿಲ್ಲ, ಬೇಸರವೂ ಆಗಲಿಲ್ಲ. ಗಂಡ ಪರಮಾನಂದ ಹೊಸ ತಾಳಿಸರ ಮಾಡಿಸಿ ತಂದು ಕೊರಳಿಗೆ ಹಾಕಿದಾಗ, "ಛಲೋ ಐತಿ" ಅಂದಳು. ಹೊಲಿಗೆಯ ಕೆಳಗೆ ತೊಡೆಯ ಒಂದಷ್ಟು ಜಾಗಕ್ಕೆ ಸ್ಪರ್ಶವಿರಲಿಲ್ಲ. ಚಿವುಟಿದರೆ ಯಾರದೋ ಕಾಲು ಚಿವುಟಿದ ಹಾಗೆ. ನರಕ್ಕೆ ಪೆಟ್ಟಾಗಿದೆ, ನಿಧಾನ ಬರುತ್ತದೆ ಅಂದಿದ್ದರು ಡಾಕ್ಟರು. ಒಳಗಿನ ಇನ್ನೊಂದರ ಬಗ್ಗೆ ಅವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಪರಮಾನಂದ ಒಳ್ಳೆಯವನು. ಪೇಟೆಯಲ್ಲಿ ನೂಲಿನ ಅಂಗಡಿ. ಹೆಂಡತಿ ಬಿದ್ದ ದಿನದಿಂದ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಮನೆಗೆ ಬರುತ್ತಿದ್ದ. ಬಚ್ಚಲಿಗೆ ಕೈ ಹಿಡಿದು ಕರೆದೊಯ್ಯುತ್ತಿದ್ದ. ಹೊಸ್ತಿಲು ದಾಟಬೇಕಾದರೆ ಕಾರು. ಓಣಿಗೆ ಕಾಲಿಡುವಂತಿಲ್ಲ. ಅವಳು ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ವ್ಯಾಯಾಮ ಹೇಳಿಕೊಡಲು ವಾರಕ್ಕೆರಡು ಸಲ ಬರುತ್ತಿದ್ದ ರಾಧಿಕಾ ಎಂಬ ಹುಡುಗಿ ಜುಲೈ ತಿಂಗಳಲ್ಲಿ ಒಂದು ದಿನ ಪರಮಾನಂದನನ್ನು ಹೊರಗೆ ಕರೆದು ಹೇಳಿದಳು.

"ಕಾಕಾ, ಎಲುಬು ಕೂಡೇತ್ರಿ. ಕಾಲಿಗೆ ಏನೂ ಆಗಿಲ್ಲ. ನೀವು ಹಿಂಗ ಎತ್ಕೊಂಡು ಅಡ್ಡಾಡಿದ್ರ ಅವರು ಎಂದೂ ನಡಿಯಂಗಿಲ್ಲ. ಜಮಖಂಡಿಯೊಳಗ ಒಬ್ರು ಗರಡಿ ವಸ್ತಾದ ಅದಾರ. ಕೋಲು ಹಿಡದವ್ರಿಗೇ ಅಂತ ಕಲಸ್ತಾರ. ಅಲ್ಲಿಗೆ ಕಳಸ್ರಿ."

"ಏನ್ ಕಲಸ್ತಾರ?"

"ಕೋಲಿನ್ಯಾಗ ವ್ಯಾಯಾಮ. ಮತ್ತ ಮೈಮ್ಯಾಲೆ ಬಂದವ್ರನ್ನ ತಡಿಯೂದು."

ಪರಮಾನಂದ ಒಳಗೆ ಬಂದು ಹೆಂಡತಿಯನ್ನು ಕೇಳಿದ. "ಹೋಗೋಣಂತ" ಅಂದಳು ಅವಳು. ಬೇಡ ಅಂದಿದ್ದರೂ ಅದೇ ದನಿ ಇರುತ್ತಿತ್ತು.

ವಸ್ತಾದ ಅಂದರೆ ಹೊಳಬಸಪ್ಪ, ಗಲಗಲಿಯವರು. ಅರವತ್ತೆಂಟರ ಮೈ ಇನ್ನೂ ಕಲ್ಲುಗುಂಡಿನ ಹಾಗಿತ್ತು. ನಲವತ್ತರ ವಯಸ್ಸಿನಲ್ಲಿ ಕುಸ್ತಿಯ ಕಣದಲ್ಲಿ ಬಲ ಮೊಣಕಾಲು ತಿರುಚಿ ಹೋಗಿ, ಅಂದಿನಿಂದ ಊರುಗೋಲು. ಜಮಖಂಡಿಯ ಹಳೆಯ ಗರಡಿಮನೆಯಲ್ಲಿ ಬೆಳಗಿನ ಜಾವ ಕುಸ್ತಿ ಕಲಿಯುವವರು ಬಂದು ಹೋದ ಮೇಲೆ, ಹತ್ತು ಗಂಟೆಗೆ, ಹೊರಗಿನ ಕಲ್ಲಿನ ಪಡಸಾಲೆಯಲ್ಲಿ ಕೋಲಿನವರ ತಾಲೀಮು. ಒಳಗಿನ ಕೆಮ್ಮಣ್ಣಿಗೆ ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡಿದ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಕಲಿಯುವವರು ಆಗ ಇಬ್ಬರೇ: ಒಬ್ಬಳು ಸಂಧಿವಾತದ, ಎಪ್ಪತ್ತು ದಾಟಿದ ಬಾಯಿಬಡುಕಿ ಮಾದೇವಿ. ಇನ್ನೊಬ್ಬರು ರಿಟೈರಾದ ಪೋಸ್ಟ್‌ಮನ್ ಶಿವಯೋಗೆಪ್ಪ.

ಹೊಳಬಸಪ್ಪ ಮೊದಲು ರಾಜೇಶ್ವರಿಯ ಕೋಲು ಇಸಿದುಕೊಂಡು ನೋಡಿದರು. ಆಸ್ಪತ್ರೆಯಿಂದ ಕೊಟ್ಟ ಅಲ್ಯೂಮಿನಿಯಂ ಕೋಲು. ಪಕ್ಕಕ್ಕಿಟ್ಟು, ಮೂಲೆಯಿಂದ ಬಾಗಿದ ಹಿಡಿಯ ಒಂದು ಬೆತ್ತ ತಂದರು. ಅವಳನ್ನು ನೆಟ್ಟಗೆ ನಿಲ್ಲಿಸಿ, ತೋಳು ಇಳಿಬಿಡಲು ಹೇಳಿ, ಮಣಿಕಟ್ಟಿನ ಗೆರೆಗೆ ಹಿಡಿ ಬರುವ ಹಾಗೆ ಬುಡ ಕೊಯ್ದು ರಬ್ಬರು ಹಾಕಿ ಕೊಟ್ಟರು.

"ಯಾವ ಕಾಲ ಪೆಟ್ಟಾಗೈತ್ರಿ ಅಕ್ಕೋರ?"

"ಎಡಗಾಲು."

"ಮತ್ತ ಕೋಲ ಎಡಗೈಯಾಗ ಯಾಕ ಹಿಡದೀರಿ?"

"ಕಾಲಿಗೆ ಆಸರ ಆಗಲಿ ಅಂತ."

"ಎಲ್ಲಾರೂ ಹಂಗs ಮಾಡ್ತಾರ. ಬಲಗೈಯಾಗ ಹಿಡೀರಿ. ಕೋಲೂ ಎಡಗಾಲೂ ಕೂಡೇ ಮುಂದ ಹೋಗ್ಬೇಕು. ನಡೀರಿ ನೋಡೂಣು."

ನಡೆದಳು. ಐದು ತಿಂಗಳಲ್ಲಿ ಮೊದಲ ಸಲ ಸೊಂಟ ಎಳೆಯಲಿಲ್ಲ.

ಸೋಮವಾರ, ಬುಧವಾರ, ಶುಕ್ರವಾರ ತಾಲೀಮು. ಕೋಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದು ಆಚೆ ಈಚೆ ಬಾಗುವುದು. ಬೆನ್ನ ಹಿಂದೆ ಹಿಡಿದು ಹೆಗಲು ತಿರುಗಿಸುವುದು. ಬಾಗಿದ ಹಿಡಿಯನ್ನು ಅಂಗಾಲಿಗೆ ಸಿಕ್ಕಿಸಿಕೊಂಡು ಕೈಯಿಂದ ಎಳೆಯುತ್ತ ಕಾಲಿನಿಂದ ಒದೆಯುವುದು. ಕೋಲನ್ನು ಮುಂದೆ ಊರಿ ಕುರ್ಚಿಯ ಮೇಲೆ ಕೂತ ಹಾಗೆ ಕೂತು ಏಳುವುದು. ಒಂದು ತಿಂಗಳು ಬರೀ ಇದೇ. ಮಾದೇವಿ ಪ್ರತಿ ಸಲ ಏಳುವಾಗಲೂ ದೇವರೊಬ್ಬರ ಹೆಸರು ಹೇಳುತ್ತಿದ್ದಳು. ರಾಜೇಶ್ವರಿ ತುಟಿಪಿಟಕ್ಕೆನ್ನದೆ ಮಾಡುತ್ತಿದ್ದಳು. ಎಷ್ಟು ಹೇಳಿದರೆ ಅಷ್ಟು.

ಎರಡನೇ ತಿಂಗಳಿಂದ ಇನ್ನೊಂದು ಪಾಠ. ಒಂದು ಗೋಣಿಚೀಲಕ್ಕೆ ಹೊಟ್ಟು ತುಂಬಿ ಗೋಡೆಗೆ ತೂಗುಹಾಕಿದ್ದರು. ಹೊಡೆಯುವಾಗ ಕೋಲನ್ನು ಎಂದೂ ತಲೆಯ ಮೇಲೆ ಎತ್ತಬಾರದು, ಎತ್ತಿದರೆ ಆಯ ತಪ್ಪಿ ನಾವೇ ಬೀಳುತ್ತೇವೆ. ಕೆಳಗಿನಿಂದಲೇ ಹೊಡೆಯಬೇಕು. ಮೊಣಕಾಲಿಗೆ, ಮುಂಗಾಲಿಗೆ. ತುದಿಯಿಂದ ಹೊಟ್ಟೆಗೆ ತಿವಿಯಬೇಕು. ಹತ್ತಿರ ಬಂದರೆ ಹಿಡಿಯ ಕೊಕ್ಕೆಯನ್ನು ಹಿಮ್ಮಡಿಗೆ ಹಾಕಿ ಎಳೆಯಬೇಕು. ಭಾರವೆಲ್ಲ ಗಟ್ಟಿ ಕಾಲಿನ ಮೇಲಿರಬೇಕು.

ಶಿವಯೋಗೆಪ್ಪನ ಏಟು ಚೀಲಕ್ಕೆ ತಾಗುವ ಮೊದಲೇ ಸೋಲುತ್ತಿತ್ತು. ಮಾದೇವಿ ಹೊಡೆದು ತಾನೇ ಚೀರುತ್ತಿದ್ದಳು. ರಾಜೇಶ್ವರಿಯ ಏಟು ಮಾತ್ರ ನೇರ ಹೋಗಿ ಅದೇ ಜಾಗಕ್ಕೆ ಬೀಳುತ್ತಿತ್ತು, ಹತ್ತು ಸಲಕ್ಕೆ ಹತ್ತು ಸಲ. ಸೆಪ್ಟೆಂಬರಿನಲ್ಲಿ ಒಂದು ದಿನ ಹೊಳಬಸಪ್ಪ ಅವಳೊಬ್ಬಳನ್ನೇ ನಿಲ್ಲಿಸಿಕೊಂಡರು.

"ಅಕ್ಕೋರ, ನಾ ನಲವತ್ತು ವರ್ಷ ಮಂದಿ ಕೈ ನೋಡೀನಿ. ನಿಮ್ಮ ಕೈಯಾಗ ಹೆದರಿಕೀನೂ ಇಲ್ಲ, ಸಿಟ್ಟೂ ಇಲ್ಲ."

"ಛಲೋ ಅಲ್ಲೇನ್ರಿ ಅದು?"

"ನನಗ ಛಲೋ ಅನಸವಲ್ದು," ಅಂದರು ಅವರು. ಅಷ್ಟರಲ್ಲಿ ಪರಮಾನಂದನ ಕಾರು ಬಂದಿತ್ತು.

ದಸರೆ ಕಳೆದ ಮೇಲೆ ಅವಳು ಕಾರು ಬೇಡವೆಂದಳು. ಬಸ್ಸಿಗೇ ಹೋಗಿ ಬರುತ್ತೇನೆ ಅಂದಳು. ಪರಮಾನಂದ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೊದಲ ದಿನ ಬಸ್ಸಿನ ಹಿಂದೆ ಹಿಂದೆಯೇ ಕಾರು ತಂದ. ಆಮೇಲೆ ಬಿಟ್ಟ.

ನವೆಂಬರಿನ ಒಂದು ಬುಧವಾರ ತಾಲೀಮು ಮುಗಿಸಿ, ರಾಜೇಶ್ವರಿ ಜಮಖಂಡಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕಬ್ಬಿನ ಹಂಗಾಮು ಶುರುವಾಗಿತ್ತು. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು ರಸ್ತೆ ತುಂಬ ಹೋಗುತ್ತಿದ್ದವು. ದಾರಿಯಲ್ಲಿ ಚಹದಂಗಡಿಯ ಬಾಕಿನ ಮೇಲೆ ಕೂತು ಒಂದು ಚಹ ಕುಡಿದಳು. ಎದ್ದು, ಗದ್ದಲ ತಪ್ಪಿಸಲು ಪಕ್ಕದ ಕಾಂಪೌಂಡ್ ಗೋಡೆಯ ಸಂದಿ ಹಿಡಿದಳು.

ಸಂದಿಯ ನಡುವೆ ಇದ್ದಾಗ ಹಿಂದೆ ಓಡಿ ಬರುವ ಕಾಲಿನ ಸದ್ದು. ಹತ್ತಿರ ಬಂತು. ಹೆಗಲಿಗೆ ಒಂದು ಕೈ ತಾಗಿತು.

ಅವಳು ಯೋಚಿಸಲಿಲ್ಲ. ಬಲಗಾಲ ಮೇಲೆ ಭಾರ ಹಾಕಿ ತಿರುಗಿದಳು, ತಿರುಗುವಾಗಲೇ ಕೋಲು ಕೆಳಗಿನಿಂದ ಹೋಗಿ ಆ ಮನುಷ್ಯನ ಮೊಣಕಾಲ ಚಿಪ್ಪಿಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು. ಅವನು ಮುಂದೆ ಬಗ್ಗಿದ. ತುದಿಯಿಂದ ಹೊಟ್ಟೆಗೆ ತಿವಿದಳು. ಹಿಡಿಯನ್ನು ಹಿಮ್ಮಡಿಗೆ ಹಾಕಿ ಎಳೆದಳು. ಅವನು ಅಂಗಾತ ಬಿದ್ದ. ಪಡಸಾಲೆಯ ಗೋಣಿಚೀಲಕ್ಕೆ ಮಾಡುತ್ತಿದ್ದ ಹಾಗೆಯೇ, ಒಂದೂ ತಪ್ಪಲಿಲ್ಲ.

ರಸ್ತೆಯ ಮಂದಿ ನೋಡಿದರು. ನಾಲ್ಕಾರು ಜನ ಓಡಿ ಬಂದರು. "ಸರ ಹರಿಯಾಕ ಬಂದಿದ್ದನೇನ್ರಿ?" ಅಂದ ಒಬ್ಬ. ಉತ್ತರಕ್ಕೆ ಕಾಯದೆ ಇನ್ನೊಬ್ಬ ಬಿದ್ದವನ ಕಾಲರು ಹಿಡಿದೆತ್ತಿ ಕೆನ್ನೆಗೆ ಬಾರಿಸಿದ. ಮತ್ತೊಬ್ಬ ಪಕ್ಕೆಗೆ ಒದ್ದ. ಬಿದ್ದವನು ನಲವತ್ತೈದರ ಮೇಲಿನವನು, ಬಿಳಿ ಅಂಗಿ, ಎಣ್ಣೆಕಲೆಯ ಧೋತರ. ಅವನು ಕೈ ಅಡ್ಡ ಹಿಡಿಯಲಿಲ್ಲ, ಮಾತಾಡಲಿಲ್ಲ, ಉಸಿರು ಕಟ್ಟಿತ್ತು. ರಾಜೇಶ್ವರಿಯನ್ನೇ ನೋಡುತ್ತಿದ್ದ.

ಅವನ ಎಡಗೈಯಲ್ಲಿ ಒಂದು ಚೀಲವಿತ್ತು. ನೀಲಿ ಬಟ್ಟೆಯ ಚೀಲ, ಅಂಚಿಗೆ ಕೆಂಪು ಕಸೆ. ಅವಳದೇ. ಒಳಗೆ ಅವಳ ಕನ್ನಡಕ, ನೀರಿನ ಬಾಟಲಿ, ಫೋನು. ಚಹದಂಗಡಿಯ ಬಾಕಿನ ಮೇಲೆ ಬಿಟ್ಟು ಬಂದಿದ್ದಳು.

ಅವಳು ಅದನ್ನು ನೋಡಿದಳು. ಏನಾಗಿದೆ ಅನ್ನುವುದು ಪೂರ್ತಿ ತಿಳಿಯಿತು, ಕರಿಹಲಗೆಯ ಮೇಲೆ ಬರೆದಷ್ಟು ಸ್ಪಷ್ಟವಾಗಿ. ಬಿಡ್ರಿ ಅನ್ನಬೇಕಿತ್ತು. ಬಾಯಿ ತೆರೆಯಲಿಲ್ಲ. ಎರಡನೆಯವನು ಇನ್ನೊಂದು ಸಲ ಒದ್ದ. ಅವಳು ಕೋಲಿನ ಮೇಲೆ ಕೈಯಿಟ್ಟು ನಿಂತೇ ಇದ್ದಳು.

ಅಷ್ಟರಲ್ಲಿ ಚಹದಂಗಡಿಯವನು ಓಡಿ ಬಂದ. "ಏ ಬಿಡ್ರಿ, ಬಿಡ್ರಿ. ಚೀಲ ಕೊಡಾಕ ಬಂದಾನ್ರಿ ಅಂವ. ಅಕ್ಕೋರು ಮರತು ಹೋಗಿದ್ರು, ನಾನs ಓಡಿ ಹೋಗಿ ಕೊಡು ಅಂದ್ನಿ."

ಹೊಡೆದವರು ಒಬ್ಬೊಬ್ಬರಾಗಿ ಕರಗಿದರು.

ಅವನ ಹೆಸರು ಜಕ್ಕಪ್ಪ. ಊರು ತುಬಚಿ. ಅಲ್ಲಿ ಹತ್ತು ಮನೆಯ ರೈತರು ಕೂಡಿ ಹೊಳೆಗೆ ಕೂರಿಸಿದ ಪಂಪಿನ ಮನುಷ್ಯ. ಪಂಪು ಚಾಲೂ ಮಾಡುವುದು, ಸರದಿಯಂತೆ ಹೊಲಗಳಿಗೆ ನೀರು ತಿರುಗಿಸುವುದು ಅವನ ಕೆಲಸ. ಅಂದು ಪಂಪಿನ ವಾಷರು ಒಯ್ಯಲು ಜಮಖಂಡಿಗೆ ಬಂದಿದ್ದ. ಮೊಣಕಾಲ ಚಿಪ್ಪು ಬಿರುಕು ಬಿಟ್ಟಿತ್ತು. ತೊಡೆಯಿಂದ ಪಾದದ ಹರಡಿನವರೆಗೆ ಪ್ಲಾಸ್ಟರು, ಆರು ವಾರ. ಪೊಲೀಸು ಕಂಪ್ಲೇಂಟು ಕೊಡುತ್ತೀಯಾ ಅಂತ ಯಾರೋ ಕೇಳಿದ್ದಕ್ಕೆ ಬೇಡ ಅಂದನಂತೆ. ಆಸ್ಪತ್ರೆಯದನ್ನೆಲ್ಲ ಪರಮಾನಂದ ನೋಡಿಕೊಂಡ.

ಆ ಸಂಜೆ ಪರಮಾನಂದ ಹೆಂಡತಿಯ ಎದುರು ಕೂತು, "ಹೆದರಿಕ್ಯಾಗ ಆತು. ಬೇಕಂತ ಮಾಡೀಯೇನು," ಅಂದ.

"ಹೆದರಿರಲಿಲ್ರಿ," ಅಂದಳು ಅವಳು. ಅವನಿಗೆ ಅದು ಅರ್ಥವಾಗಲಿಲ್ಲ.

ಶುಕ್ರವಾರ ತಾಲೀಮಿಗೆ ಹೋಗಿ ಹೊಳಬಸಪ್ಪನವರಿಗೆ ಎಲ್ಲ ಹೇಳಿದಳು. ಚೀಲ ನೋಡಿಯೂ ಸುಮ್ಮನೆ ನಿಂತದ್ದೊಂದನ್ನು ಬಿಟ್ಟು. ಮಾದೇವಿ ಬಾಯಿಗೆ ಸೆರಗು ಹಿಡಿದಳು. ಹೊಳಬಸಪ್ಪ ಎದ್ದು ಗೋಣಿಚೀಲವನ್ನು ಗೋಡೆಯಿಂದ ಇಳಿಸಿ ಒಳಗೆ ಒಯ್ದಿಟ್ಟು ಬಂದರು.

"ತಪ್ಪು ನಂದೈತಿ," ಅಂದರು. "ಹೊಡಿಯೂದು ಮೊದಲ ಕಲಿಸಿದ್ನಿ. ತಿರಗಿ ನೋಡೂದು ಕಲಸಲಿಲ್ಲ. ಚೀಲಕ್ಕ ಮಾರಿ ಇರಂಗಿಲ್ಲ, ಅದರ ಮುಂದ ನಿಂತು ಕಲತವ್ರಿಗೆ ಮಾರಿ ಹ್ಯಾಂಗ ಕಾಣಬೇಕು?"

ಅಂದಿನಿಂದ ಬೇರೆ ಪಾಠ. ಒಬ್ಬರು ಹಿಂದಿನಿಂದ ಬರುವುದು, ಇನ್ನೊಬ್ಬರು ಗೋಡೆಗೆ ಬೆನ್ನು ಕೊಟ್ಟು ತಿರುಗಿ, ಕೋಲಿನ ತುದಿಯನ್ನು ಎದೆಯ ಮಟ್ಟಕ್ಕೆ ಚಾಚಿ, "ಅಲ್ಲೇ ನಿಂದರ್ರಿ, ಏನ್ ಬೇಕು?" ಎಂದು ಕೇಳುವುದು. ಕೇಳಿ, ಎದುರಿನವರ ಮುಖ, ಆಮೇಲೆ ಕೈ ನೋಡುವುದು. ದಿನಕ್ಕೆ ಐವತ್ತು ಸಲ. ರಾಜೇಶ್ವರಿ ಅದನ್ನೂ ಕಲಿತಳು. ಅವಳ ದನಿ ಮಾತ್ರ ಏರಲಿಲ್ಲ. ಹಾಜರಿ ಕೂಗಿದ ಹಾಗೆಯೇ ಇತ್ತು.

ಅದಾದ ಎರಡನೇ ರವಿವಾರ ಅವಳು ತುಬಚಿಗೆ ಹೋದಳು. ಯಾಕೆ ಹೋದೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹೋಗಬೇಕು ಅನ್ನುವುದೊಂದು ಗೊತ್ತಿತ್ತು. ಪರಮಾನಂದ ಕಾರು ತರುತ್ತೇನೆಂದ. ಅವಳು ಜಮಖಂಡಿಯಲ್ಲಿ ಬಸ್ಸು ಬದಲಿಸಿ ಒಬ್ಬಳೇ ಹೋದಳು, ಕೋಲೂರಿಕೊಂಡು ಊರೊಳಗೆ ಕೇಳಿಕೊಂಡು ಮನೆ ಹುಡುಕಿದಳು.

ಜಕ್ಕಪ್ಪನ ಹೆಂಡತಿ ರುಕ್ಮವ್ವ ಎಮ್ಮೆಯ ಮೈ ತೊಳೆಯುತ್ತಿದ್ದಳು. ಕೋಲು ನೋಡಿ ಯಾರೆಂದು ತಿಳಿಯಿತು. ಬನ್ನಿ ಅನ್ನಲಿಲ್ಲ. "ಒಳಗ ಅದಾನ," ಅಂದಳು, ಎಮ್ಮೆಗೆ ಹೇಳಿದ ಹಾಗೆ.

ಜಕ್ಕಪ್ಪ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ಏಳಲು ಹೋದ, ಆಗಲಿಲ್ಲ. "ಕುಂದರ್ರಿ ಅಕ್ಕೋರ," ಅಂದ. ಅವಳು ಕೂತಳು. ಹಣ್ಣಿನ ಚೀಲ ಕೆಳಗಿಟ್ಟಳು. ನೋವು ಹೇಗಿದೆ ಅಂದಳು. ರಾತ್ರಿ ಪ್ಲಾಸ್ಟರಿನೊಳಗೆ ಕಡಿತ ಅಂದ. ಪಂಪು ಯಾರು ನೋಡುತ್ತಾರೆ ಅಂದಳು. ಅವಳೇ ಅಂತ ಹೆಂಡತಿಯ ಕಡೆ ಗದ್ದ ಎತ್ತಿ ತೋರಿಸಿದ. ಪಂಪಿನಿಂದ ಹೊಲಗಳವರೆಗೆ ಮೂರು ಮೈಲು ಪೈಪಿನ ಗುಂಟ ನಸುಕಿನಲ್ಲೇ ರುಕ್ಮವ್ವ ನಡೆದು ಹೋಗಿ ಬರುತ್ತಿದ್ದಳು. ಮಾತು ಅಷ್ಟಕ್ಕೆ ಮುಗಿಯಿತು. ಅರ್ಧ ತಾಸು ಕೂತು ರಾಜೇಶ್ವರಿ ಎದ್ದಳು. ಯಾರೂ ಚಹ ಕೊಡಲಿಲ್ಲ.

ಮುಂದಿನ ರವಿವಾರವೂ ಹೋದಳು. ಆಗಲೂ ಚಹ ಇಲ್ಲ. ಮೂರನೇ ವಾರ ರುಕ್ಮವ್ವ ಮೂಗಿನ ತನಕ ತುಂಬಿದ ಸಿಟ್ಟನ್ನು ಎಮ್ಮೆಯ ಮುಂದೆ ಚೆಲ್ಲಿದಳು. "ಮಂದಿ ಕಾಲ ಮುರದು ಮ್ಯಾಲೆ ಬಾಳೆಹಣ್ಣ ತಂದು ಕೊಟ್ರ ಆತೇನ ಬೇ. ಬಾಳೆಹಣ್ಣ ನೀರ ಬಿಡತೈತೇನ." ಒಳಗಿದ್ದ ರಾಜೇಶ್ವರಿಗೆ ಎಲ್ಲ ಕೇಳಿಸಿತು. ಖರೆ ಐತಿ ಅನ್ನಿಸಿತು. ಅನ್ನಿಸಿದ್ದು ತಲೆಗೆ ಮಾತ್ರ, ಅದಕ್ಕಿಂತ ಕೆಳಗಿಳಿಯಲಿಲ್ಲ. ಅಂದಿನಿಂದ ಬಾಳೆಹಣ್ಣು ಒಯ್ಯುವುದನ್ನು ಬಿಟ್ಟಳು. ಹೋಗುವುದನ್ನು ಬಿಡಲಿಲ್ಲ.

ಹೊಸ ವರ್ಷದ ಮೊದಲ ವಾರ ಪ್ಲಾಸ್ಟರು ತೆಗೆದರು. ರಾಜೇಶ್ವರಿಯೂ ಅದೇ ವಾರ ರಜೆ ಮುಗಿಸಿ, ಮುಧೋಳಕ್ಕೆ ಹೋಗಿ ಶಾಲೆಗೆ ಹಾಜರಾದಳು. ರವಿವಾರ ತುಬಚಿಗೆ ಹೋದಾಗ ಜಕ್ಕಪ್ಪನ ಕಾಲು ಒಣಗಿದ ಜೋಳದ ದಂಟಿನ ಹಾಗಾಗಿತ್ತು. ಮೊಣಕಾಲು ಮಡಚುತ್ತಿರಲಿಲ್ಲ. ಯಾರೋ ಕೊಟ್ಟ ಬಡಿಗೆಯನ್ನು ಪೆಟ್ಟಾದ ಕಾಲಿನ ಕಡೆಗೇ ಹಿಡಿದು, ಅದರ ಮೇಲೆ ಜೋತುಬಿದ್ದು, ಎರಡು ಹೆಜ್ಜೆಗೆ ಬೆವರುತ್ತಿದ್ದ.

"ಆ ಕೈ ಅಲ್ಲ," ಅಂದಳು ರಾಜೇಶ್ವರಿ.

ಎದ್ದು ಅವನ ಪಕ್ಕದಲ್ಲಿ ನಿಂತಳು. ಬಡಿಗೆಯನ್ನು ಇನ್ನೊಂದು ಕೈಗೆ ಕೊಟ್ಟಳು. ಅದು ಎತ್ತರವಾಗಿತ್ತು, ತನ್ನ ಬೆತ್ತ ಕೊಟ್ಟು ಅವನ ಬಡಿಗೆ ತಾನು ತೆಗೆದುಕೊಂಡಳು. "ಕೋಲೂ ಬ್ಯಾನಿ ಕಾಲೂ ಕೂಡೇ. ಆಮ್ಯಾಲೆ ಛಲೋ ಕಾಲು. ನೋಡ್ರಿ, ಹಿಂಗ." ನಡೆದು ತೋರಿಸಿದಳು. ಅಂಗಳದ ಆ ತುದಿಯಿಂದ ಈ ತುದಿ. ಕುಂಟುವವಳ ಹಿಂದೆ ಕುಂಟುವವನು. ರುಕ್ಮವ್ವ ಸೆಗಣಿ ಬುಟ್ಟಿ ಹಿಡಿದು ನಿಂತು ನೋಡಿದಳು.

ಪ್ರತಿ ರವಿವಾರ ಒಂದೊಂದು ಹೊಸದು. ಹೊರಸಿನ ಮೇಲೆ ಕೂತು ಹಿಡಿಯ ಕೊಕ್ಕೆಯನ್ನು ಹಿಮ್ಮಡಿಗೆ ಸಿಕ್ಕಿಸಿ, ಕಾಲನ್ನು ನಿಧಾನ ತನ್ನ ಕಡೆ ಎಳೆದುಕೊಳ್ಳುವುದು. ಅವಳು ಪಕ್ಕದಲ್ಲಿ ಕೂತು ಎಣಿಸುವುದು. ನೋವಿಗೆ ಅವನು ಹಲ್ಲು ಕಚ್ಚುತ್ತಿದ್ದ. ಜನವರಿ ಕೊನೆಗೆ ಮೊಣಕಾಲು ಅರ್ಧ ಮಡಚಿತು. ಅಂದು ಅವನು ಮೊದಲ ಸಲ ನಕ್ಕ.

"ಅಕ್ಕೋರ, ಹೊಡಿಯೂದೂ ಒಂದೀಟು ಕಲಿಸಿಬಿಡ್ರಿ. ನಮ್ಮೂರಾಗ ನೀರಿನ ಪಾಳಿ ಸಂಬಂಧ ದಿನಾ ಜಗಳ."

ಅವಳು ನಗಲಿಲ್ಲ. ಎಣಿಕೆ ನಿಲ್ಲಿಸಿದ್ದಳು.

"ಜಕ್ಕಪ್ಪ, ಒಂದ್ ಮಾತು ಹೇಳ್ಬೇಕು. ಅವತ್ತು ಆ ಮಂದಿ ನಿಮಗ ಹೊಡಿಯುವಾಗ ನಾ ಚೀಲ ನೋಡಿದ್ನಿ. ಚಾದಂಗಡಿಯಂವ ಬರೂಕಿಂತ ಮೊದಲs. ನಂದs ಅಂತ ಗೊತ್ತಾತು. ನೀವು ಕೊಡಾಕ ಬಂದೀರಿ ಅಂತನೂ ಗೊತ್ತಾತು. ಬಿಡ್ರಿ ಅನ್ನಲಿಲ್ಲ. ಸುಮ್ಮನ ನಿಂತ್ನಿ."

ಜಕ್ಕಪ್ಪ ಕಾಲಿನಿಂದ ಕೊಕ್ಕೆ ಬಿಡಿಸಿದ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ಗೊತ್ತೈತ್ರಿ," ಅಂದ. "ನಾ ನಿಮ್ಮ ಮಾರೀನs ನೋಡಾಕತ್ತಿದ್ನಿ. ನೀವು ಚೀಲ ನೋಡಿದ್ದು ನೋಡಿದ್ನಿ. ಈಗ ಅಂತಾರ, ಈಗ ಅಂತಾರ ಅಂತ ಕಾದ್ನಿ. ಬ್ಯಾನಿಗಿಂತ ಅದs ನೆನಪ ಉಳದೈತಿ ನೋಡ್ರಿ."

"ಯಾಕ ಕೇಳಲಿಲ್ಲ ಇಷ್ಟ ದಿನ?"

"ಏನಂತ ಕೇಳ್ಲಿ? ಯಾಕ ಅನ್ನಲಿಲ್ರಿ?"

"ನನಗs ಗೊತ್ತಿಲ್ಲ."

"ಗೊತ್ತಾದ್ರ ಹೇಳ್ರಿ," ಅಂದ ಜಕ್ಕಪ್ಪ. ದನಿಯಲ್ಲಿ ಕೊಂಕಿರಲಿಲ್ಲ, ಕ್ಷಮೆಯೂ ಇರಲಿಲ್ಲ.

ಬಾಗಿಲಲ್ಲಿ ರುಕ್ಮವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿ ಎರಡು ಕಪ್ಪು ಚಹ ಇತ್ತು. ಒಂದನ್ನು ಗಂಡನ ಪಕ್ಕ ಇಟ್ಟಳು. ಇನ್ನೊಂದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತು, ಅಂಗಳಕ್ಕೆ ಹೋಗಿ ಚೆಲ್ಲಿ ಬಂದಳು.

"ಇವತ್ತ ಹೋಗ್ರಿ ನೀವು," ಅಂದಳು. ರಾಜೇಶ್ವರಿ ಬಡಿಗೆ ಊರಿ ಎದ್ದಳು. ಹೊಸ್ತಿಲಿಗೆ ಬಂದಾಗ ಹಿಂದಿನಿಂದ ರುಕ್ಮವ್ವನ ದನಿ ಮತ್ತೆ ಬಂತು. "ಮುಂದಿನ ವಾರ ಬರ್ರಿ. ಇವನ ಕಾಲ ಇನ್ನ ಪೂರಾ ಮಡಚವಲ್ದು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟುವವರೆಗೆ ಏನೂ ಇರಲಿಲ್ಲ. ಕಬ್ಬು ಕಡಿದ ಹೊಲದಲ್ಲಿ ರವದಿ ಸುಡುವ ಹೊಗೆ ಒಳಗೆ ಬಂತು. ಹಿಂದಿನ ಸೀಟಿನವನು ಕಿಟಕಿ ಸರಿಸಲು ಕೈ ಚಾಚಿದ. ಆ ಕೈ ಅವಳ ಹೆಗಲ ಪಕ್ಕದಿಂದ ಮುಂದೆ ಬಂತು.

ರಾಜೇಶ್ವರಿಯ ಮೈ ಇಡೀ ಒಮ್ಮೆಲೇ ತಣ್ಣಗಾಯಿತು. ಎರಡು ಕೈಯಲ್ಲಿ ಹಿಡಿದರೂ ಬಡಿಗೆ ಬಸ್ಸಿನ ತಗಡಿಗೆ ಕಟಕಟ ಬಡಿಯತೊಡಗಿತು. "ಏನಾತ್ರಿ ಅಕ್ಕಾ?" ಅಂದ ಹಿಂದಿನವನು. ಕೊರಳ ಸುತ್ತ, ಹತ್ತು ತಿಂಗಳ ಹಿಂದೆ ಸರ ಕೊರೆದ ಜಾಗ, ಈಗ ಉರಿಯುತ್ತಿತ್ತು.

ಜಮಖಂಡಿಯಲ್ಲಿ ಇಳಿದು ಕಂಬವೊಂದಕ್ಕೆ ಒರಗಿ ನಿಂತು ಗಂಡನಿಗೆ ಫೋನು ಮಾಡಿದಳು.

"ಬಂದು ಕರ್ಕೊಂಡು ಹೋಗ್ರಿ."

"ಏನಾತು? ಬಿದ್ದೇನು?"

"ಬಿದ್ದಿಲ್ಲ. ಅಂಜಿಕಿ ಬಂದೈತಿ."

ಪರಮಾನಂದ ಬಂದ. ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ಅವಳು ಇಳಿಯಲಿಲ್ಲ, ಅವನೂ ಇಳಿಯಲಿಲ್ಲ. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಮರುದಿನ ಶಾಲೆಯಲ್ಲಿ ಯಾರೋ ಬೆಂಚು ಎಳೆದ ಸದ್ದಿಗೆ ಬೆಚ್ಚಿ ಬಿದ್ದಳು. ಎರಡು ಮೂರು ದಿನ ಹಾಗೇ ಇತ್ತು. ಆಮೇಲೆ ಮತ್ತೆ ಹಿಂದಿನ ಹಾಗೆಯೇ ಎಲ್ಲ ದೂರ ಸರಿಯಿತು. ಪೂರ್ತಿ ಅಲ್ಲ. ಒಮ್ಮೊಮ್ಮೆ ತಿರುಗಿ ಬರುತ್ತಿತ್ತು, ಹೇಳದೆ ಕೇಳದೆ.

ರವಿವಾರ ಅವಳು ತುಬಚಿಗೆ ಹೋದಳು. ಬಸ್ಸು ಹತ್ತುವಾಗ ಎದೆ ಹೊಡೆದುಕೊಂಡಿತು, ಹತ್ತಿದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಪಕ್ಕದವರು ಊರಂಚಿನ ಹೊಳೆಯ ಕಡೆ ಕೈ ತೋರಿಸಿದರು. ಬದುವಿನ ಗುಂಟ ನಿಧಾನ ನಡೆದು ಹೋದಳು. ದಂಡೆಯ ಮೇಲೆ ಪಂಪಿನ ಶೆಡ್ಡು, ಅದಕ್ಕೆ ಕಲ್ಲಿನ ಒಂಬತ್ತು ಮೆಟ್ಟಿಲು. ಕೆಳಗೆ ರುಕ್ಮವ್ವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಜಕ್ಕಪ್ಪ ಮೊದಲ ಮೆಟ್ಟಿಲ ಮುಂದೆ ಬೆತ್ತ ಹಿಡಿದು ನಿಂತಿದ್ದ.

"ಬೆಳಿಗ್ಗಿಂದ ಹಿಂಗs ನಿಂತಾನ," ಅಂದಳು ರುಕ್ಮವ್ವ. "ಹತ್ತಾಕೂ ಒಲ್ಲ, ಮನೀಗಿ ಬರಾಕೂ ಒಲ್ಲ."

"ಹತ್ತುವಾಗ ಮೊದಲ ಛಲೋ ಕಾಲು," ಅಂದಳು ರಾಜೇಶ್ವರಿ. "ಆಮ್ಯಾಲೆ ಕೋಲೂ ಬ್ಯಾನಿ ಕಾಲೂ. ನಾ ಹಿಂದ ನಿಂತಿರ್ತೀನಿ."

"ಬಿದ್ರ ನಿಮ್ಮ ಮ್ಯಾಲೇ ಬೀಳ್ತೀನ್ರಿ."

"ಹೂಂ."

ಅವನು ಹತ್ತಿದ. ಒಂದೊಂದು ಮೆಟ್ಟಿಲಿಗೂ ನಿಂತ. ಆರನೆಯದರ ಮೇಲೆ ಕಾಲು ನಡುಗಿತು. ರಾಜೇಶ್ವರಿ ಎರಡು ಮೆಟ್ಟಿಲು ಕೆಳಗೆ ತನ್ನ ಕಾಲು ಊರಿ ನಿಂತಿದ್ದಳು. ಮೈಯಲ್ಲಿ ಬೆವರು ಒಡೆದಿತ್ತು. ಅವನು ಬಿದ್ದರೆ ತಡೆಯಲು ತನಗೆ ಆಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಅವನು ಬೀಳಲಿಲ್ಲ. ಮೇಲೆ ಹೋಗಿ ಬಾಗಿಲಿನ ಚೌಕಟ್ಟು ಹಿಡಿದು ಉಸಿರು ಬಿಟ್ಟ, ಒಳಗೆ ಹೋಗಿ ಸ್ವಿಚ್ಚು ಒತ್ತಿದ. ಪಂಪು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಪೈಪಿನೊಳಗೆ ನೀರು ಏರುವ ಸದ್ದು ಕೇಳಿಸಿತು.

ರುಕ್ಮವ್ವ ಕೆಳಗೆ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಎರಡು ರೊಟ್ಟಿ ತೆಗೆದು ಗಂಡನಿಗೆಂದು ಪಕ್ಕಕ್ಕಿಟ್ಟಳು. ಇನ್ನೊಂದರ ಮೇಲೆ ಪಲ್ಯ ಹಾಕಿ, ಮುಖ ನೋಡದೆ, ರಾಜೇಶ್ವರಿಯ ಕಡೆ ಚಾಚಿದಳು.

"ಉಣ್ರಿ. ಮೂರರ ಬಸ್ ತಪ್ಪಿದ್ರ ಮತ್ತ ಸಂಜೀಕನಾ."

ರಾಜೇಶ್ವರಿ ರೊಟ್ಟಿ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಹಸಿವಾಗಿತ್ತು.